ದರ್ಜಿಯ ಪಾರ್ಟು

ವಾರಕ್ಕೊಮ್ಮೆ ಊರಿಗೂರೇ ಹೊಟ್ಟೆ ಹಿಡಿದು ನಗುವಂತೆ ಮಾಡುವ ಮನುಷ್ಯ ಈ ಬೆಳಿಗ್ಗೆ ಮೇಕಪ್ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಬ್ರಷ್ ಹಿಡಿದು ಹಿಂದಿಂದೆ ಸುತ್ತಿ ಸುಸ್ತಾದ ಮೇಕಪ್‌ನವನು, "ಸಾರ್, ಒಂದೋ ನೀವು ಕೂತ್ಕೊಳ್ಳಿ, ಇಲ್ಲಾ ನಾನು ಕೂತ್ಕೋತೀನಿ," ಎಂದ.

ಕಾರಣ ಅತ್ತಿಗೆಯ ಫೋನು. "ನಿಮ್ಮಣ್ಣ ಮೂರು ತಿಂಗಳಿಂದ ಅಂಗಡೀಲಿ ಬಾಯೇ ಬಿಡ್ತಿಲ್ಲ ಕಣಪ್ಪ. ಏನಿದ್ರೂ ಚೀಟೀಲಿ ಬರೆದು ತೋರಿಸ್ತಾರೆ. ಬಂದವರೆಲ್ಲ, ಟೀವೀಲಿ ಹೇಳೋ ಹಾಗೆ ಒಂದ್ಸಲ ಹೇಳಿ ಅಂತ ಪ್ರಾಣ ತಿಂತಾರೆ. ನಿನಗೆ ಹೇಳ್ಬೇಡ ಅಂದಿದ್ರು."

ಟೀವಿಯಲ್ಲಿ ಹೇಳುವುದು ಇಷ್ಟೇ: "ತ್ತ-ತ್ತ-ತೋಳು ಎತ್ತಿ." ಕಳ್ಳ, ಪೊಲೀಸ್, ಹೆಣ, ಹತ್ತು ವರ್ಷ ಯಾವ ವೇಷ ಹಾಕಿದರೂ ಇವನನ್ನು ಯಾರೂ ಮೂಸಿ ನೋಡಿರಲಿಲ್ಲ. ಒಂದು ದಿನ ಬೇರೇನೂ ತೋಚದೆ ಉಗ್ಗುವ ದರ್ಜಿಯಾದ. ರಾತ್ರಿ ಬೆಳಗಾಗುವುದರೊಳಗೆ ಹೆಸರು ಬಂತು. ಅಣ್ಣ ದರ್ಜಿ, ಅಣ್ಣನಿಗೆ ಉಗ್ಗು. ಇವನನ್ನು ಓದಿಸಿದ್ದೂ ಆ ಅಣ್ಣನ ಹೊಲಿಗೆ ಮಿಷಿನ್ನೇ. ಮೊದಮೊದಲು ಅಣ್ಣನೂ ನಕ್ಕಿದ್ದ. ಅದನ್ನೇ ಒಪ್ಪಿಗೆ ಎಂದು ಇವನು ತನಗೆ ಅನುಕೂಲವಾಗುವಂತೆ ಅರ್ಥ ಮಾಡಿಕೊಂಡಿದ್ದ. ನಗು ಮಾರಿ ಬದುಕುವವನಿಗೆ ಯಾವ ನಗು ಎಂಥದ್ದೆಂದು ಗೊತ್ತಿರಬೇಕಿತ್ತು. ಗೊತ್ತಿತ್ತು, ಮಣ್ಣಾಂಗಟ್ಟಿ!

ಇವತ್ತು ನೂರನೇ ಕಂತು. ದರ್ಜಿ ಪಾರ್ಟು ಬೇಡ ಎಂದು ಹೇಳಿ ನೋಡಿದ. "ದರ್ಜಿ ಇಲ್ದೆ ಹೇಗ್ರೀ?" ಎಂದ ನಿರ್ದೇಶಕನಿಗೆ "ಒಂದು ಗಂಟೆ ಕೊಡಿ" ಎಂದವನೇ ಮುಖದ ಅರ್ಧ ಬಣ್ಣದಲ್ಲೇ ಟ್ಯಾಕ್ಸಿ ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿದ, ಒಂದೂ ಸರಿಹೋಗಲಿಲ್ಲ. ಪ್ರತಿ ಮಾತಿನ ಕೊನೆಗೂ, ಅಭ್ಯಾಸಬಲ, ಜನ ನಗಲೆಂದು ಜಾಗ ಬಿಟ್ಟಿರುತ್ತಿದ್ದ. ಅಣ್ಣ ಇನ್ನೆಂದೂ ತನ್ನೊಡನೆ ಮಾತಾಡದಿದ್ದರೆ ಎಂದು ಅವನಿಗೆ ಭಯವಾಗುತ್ತಿತ್ತು.

ಅಂಗಡಿಯಲ್ಲಿ ಅಣ್ಣ ಒಬ್ಬ ದಪ್ಪನೆಯ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುತ್ತಿದ್ದ. ತಮ್ಮನನ್ನು ನೋಡಿಯೂ ನೋಡದವನಂತೆ ತಲೆ ತಗ್ಗಿಸಿದ.

"ಅಣ್ಣಾ," ಎಂದ ಇವನು. "ತ... ತ..." ತಪ್ಪಾಯ್ತು ಎನ್ನಬೇಕು. ಮಾತು ಹೊರಡಲಿಲ್ಲ. "ತ್... ತ..."

ಗಿರಾಕಿಗೆ ಸ್ವರ್ಗಕ್ಕೆ ಮೂರೇ ಗೇಣು. "ಅಯ್ಯೋ, ಟೀವಿ ದರ್ಜಿ! ಅದೇ, ಅದೇ! ಎಷ್ಟು ಚೆನ್ನಾಗಿ ಮಾಡ್ತೀರ್ರೀ!" ಎಂದು ಟೇಪಿನೊಳಗೇ ಕುಲುಕಿ ಕುಲುಕಿ ನಕ್ಕ.

ಇವನ ಜೀವ ಬಾಯಿಗೆ ಬಂತು. ಅಣ್ಣನೂ ಹಾಗೇ ಅಂದುಕೊಂಡರೆ ಅಲ್ಲಿಗೆ ಎಲ್ಲ ಮುಗಿಯಿತು. ಅಲ್ಲ, ಅಲ್ಲ ಎಂದು ತಲೆಯಾಡಿಸಿದ, ಕೈಯಾಡಿಸಿದ. ಗಿರಾಕಿ ಅದಕ್ಕೂ ನಕ್ಕ.

ಅಣ್ಣ ತಲೆಯೆತ್ತಿ ತಮ್ಮನ ಗಂಟಲನ್ನೇ ನೋಡಿದ. ಟೀವಿಯಲ್ಲಿ ಇವನು ಉಗ್ಗುವುದು ನಾಲಿಗೆಯಲ್ಲಿ. ನಿಜವಾಗಿ ಮಾತು ಸಿಕ್ಕಿಕೊಂಡಾಗ ಉಸಿರೇ ನಿಂತುಬಿಡುತ್ತದೆ, ಮತ್ತು ಅದು ಹೇಗಿರುತ್ತದೆಂದು ಅಣ್ಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನ-ನಗಬೇಡಿ," ಎಂದ ಅಣ್ಣ, ಗಿರಾಕಿಗೆ. ಮೂರು ತಿಂಗಳ ಮೇಲೆ ಆ ಅಂಗಡಿಯಲ್ಲಿ ಅವನ ದನಿ ಕೇಳಿಸಿತು. "ಅವನು ಮಾ-ಮಾಡ್ತಿಲ್ಲ. ಅವನಿಗೆ ಮಾತು ಬರ್ತಿಲ್ಲ."

ಆಮೇಲೆ ತಮ್ಮನ ಕಡೆ ತಿರುಗಿದ.

"ನಿ-ನಿಧಾನಕ್ಕೆ ಹೇಳು. ನಾನು ಕಾಯ್ತೀನಿ."