ಎರಡನೇ ಕುರ್ಚಿ

ರಾಮನಗರದ ಹೊರಗೆ, ಹಿಪ್ಪುನೇರಳೆ ತೋಟದ ನಡುವೆ ಇರುವ ಒಂದು ರೇಷ್ಮೆ ಹುಳುಮನೆಯ ಬಾಗಿಲಿಗೆ ಬೋರ್ಡು ನೇತುಹಾಕಿದೆ. ಊದುಬತ್ತಿ, ಸೊಳ್ಳೆಬತ್ತಿ, ಸೆಂಟು, ಪೌಡರು, ಯಾವುದರ ವಾಸನೆ ಸೋಕಿದವರೂ ಎರಡು ದಿನ ಒಳಗೆ ಕಾಲಿಡಕೂಡದು. ವಾಸನೆ ತಾಗಿದರೆ ಹುಳು ಸಾಯುತ್ತವೆಂದು ಹೀಗೆ ಬರೆಸಿದವನು ವಿಜ್ಞಾನಿ ನಟರಾಜು. ಎಂಥ ಬಿಸಿಲಿಗೂ ಬಗ್ಗದ ರೇಷ್ಮೆ ಹುಳುವಿನ ತಳಿ ಮಾಡುತ್ತೇನೆಂದು ಒಂಬತ್ತು ವರ್ಷದಿಂದ ಅಲ್ಲೇ ಬೀಡುಬಿಟ್ಟಿದ್ದ. ಹುಳುಗಳ ವಯಸ್ಸನ್ನು ಗಂಟೆ ಲೆಕ್ಕದಲ್ಲಿ ಹೇಳುತ್ತಿದ್ದ. ಮಗಳು ಎಷ್ಟನೇ ಕ್ಲಾಸು ಎಂದರೆ ಮಾತ್ರ "ಮೂರೋ ನಾಲ್ಕೋ ಇರಬೇಕು" ಎನ್ನುತ್ತಿದ್ದ.

ಬೋರ್ಡಿನ ಕಾನೂನು ಬೈರಮಂಗಲದ ಅವನ ಮನೆಗೂ ಅನ್ವಯಿಸುತ್ತಿತ್ತು. ಕೆರೆ ಪಕ್ಕದ ಊರು, ಸಂಜೆಯಾದರೆ ಸೊಳ್ಳೆಗಳು ಮನೆಯವರಿಗಿಂತ ಮೊದಲು ಊಟಕ್ಕೆ ಕೂರುತ್ತವೆ. ಆದರೂ ಬತ್ತಿ ಹಚ್ಚುವಂತಿಲ್ಲ. ಮಗಳು ಧನುಶ್ರೀ ಸೊಳ್ಳೆಪರದೆಯೊಳಗೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ಹೆಂಡತಿ ಸುಮನಾ ಪೌಡರು ಮುಟ್ಟಿ ಒಂಬತ್ತು ವರ್ಷವಾಗಿತ್ತು. ದೇವರಿಗೂ ಬರೀ ದೀಪ, ಜೊತೆಗೆ ವಾಸನೆಯಿಲ್ಲದ ದಾಸವಾಳ.

ಇದರ ಮೇಲೆ ಝೆನ್ ಬೇರೆ. ಹೋದ ವರ್ಷ ಒತ್ತಡ ಇಳಿಸಿಕೊಳ್ಳಲಿ ಎಂದು ಆಫೀಸಿನವರನ್ನೆಲ್ಲ ಸಾವನದುರ್ಗದ ಬುಡದಲ್ಲಿ ನಡೆದ ಶಿಬಿರಕ್ಕೆ ಅಟ್ಟಿದ್ದರು. ಅಲ್ಲಿನ ಝೆನ್ ಗುರುಗಳು ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಕೊಟ್ಟು, ತಲೆ ಓಡಿಸಬೇಡಿ, ಸುಮ್ಮನೆ ಅದರ ಜೊತೆ ಕೂತಿರಿ ಎಂದರು. ನಟರಾಜುವಿನ ಪಾಲಿಗೆ ಬಂದದ್ದು: "ನೀನಿಲ್ಲದ ಹೊತ್ತಲ್ಲಿ ನಿನ್ನ ಕೆಲಸ ಮಾಡುವವರು ಯಾರು?" ಅವನು ಅರ್ಧ ಗಂಟೆಯಲ್ಲಿ ಕೋಷ್ಟಕ ಸಮೇತ ಎರಡು ಪುಟ ಬರೆದು ಕೊಟ್ಟ. ಯಾರೂ ಇಲ್ಲ ಎಂಬುದು ಅದರ ಸಾರಾಂಶ. ಗುರುಗಳು ಪೂರ್ತಿ ಓದಿ, ನಿಧಾನವಾಗಿ ಟೀ ಕುಡಿದು ಮುಗಿಸಿ, ಕಾಗದವನ್ನು ವಾಪಸ್ ಕೊಟ್ಟರು. ಒಪ್ಪಿಕೊಂಡರು ಎಂದು ಈ ಪುಣ್ಯಾತ್ಮ ತಿಳಿದ.

ಅಲ್ಲಿಂದ ಮನೆಯಲ್ಲಿ ಝೆನ್ ಕಾಟ ಶುರುವಾಯಿತು.

"ರೀ, ಸಿಲಿಂಡರ್ ಖಾಲಿಯಾಗಿದೆ," ಎಂದಳು ಸುಮನಾ ಒಂದು ದಿನ.

"ಖಾಲಿ ಇರೋದೇ ನಿಜವಾಗಿ ತುಂಬಿರೋದು."

"ಹಂಗಾದ್ರೆ ಅದ್ರಲ್ಲೇ ಅನ್ನ ಮಾಡ್ಕೊಂಡು ಉಣ್ಣಿ," ಎಂದು ಅವಳು ಅಕ್ಕನ ಮನೆಗೆ ಹೋಗಿ ಉಂಡು ಬಂದಳು.

ಧನುಶ್ರೀಯ ಶಾಲೆಯಲ್ಲಿ ಪ್ರತಿ ಫೆಬ್ರವರಿ ತಂದೆತಾಯಿಯರ ಪಾದಪೂಜೆ ಇರುತ್ತದೆ. ಪ್ರತಿ ಮಗುವಿನ ಮುಂದೆ ಎರಡು ಕುರ್ಚಿ, ಒಂದು ತಟ್ಟೆ, ಒಂದು ಚೊಂಬು ನೀರು. ಮೈದಾನದ ತುಂಬ ಊದುಬತ್ತಿ ಹೊಗೆ. ನಟರಾಜು ಒಂದು ವರ್ಷವೂ ಹೋದವನಲ್ಲ. ಈ ಸಲವಂತೂ ಹುಳುಗಳು ಅದೇ ಶನಿವಾರ ಹಣ್ಣಾಗಿ ಗೂಡು ಕಟ್ಟಲು ಶುರುಮಾಡುವುದಿತ್ತು. ಆ ಗೂಡು ನೋಡಲು ಬೆಂಗಳೂರಿನಿಂದ ತಜ್ಞರು ಬರುವವರಿದ್ದರು. ಈ ಬೆಳೆ ಕೆಟ್ಟರೆ ಒಂಬತ್ತು ವರ್ಷ ನೀರುಪಾಲು.

"ಅಪ್ಪಾ, ಶನಿವಾರ ಬತ್ತೀಯಾ?" ಎಂದು ಮಗಳು ಕೇಳಿದಳು.

"ಶನಿವಾರ ಅನ್ನೋದು ಮನಸ್ಸಿನ ಕಲ್ಪನೆ ಕಂದಾ."

"ಬರಲ್ಲ ಅನ್ನು," ಎಂದು ಅವಳು ಪರದೆಯೊಳಗೆ ನುಸುಳಿದಳು.

ಗುರುವಾರ ಅವನ ಸ್ಕೂಟರ್ ಪಂಕ್ಚರ್ ಆಗಿ, ಮಗಳನ್ನು ದಿನಾ ಶಾಲೆಗೆ ಬಿಡುವ ಇಮಾಮ್ ಸಾಬರ ಆಟೋ ಹತ್ತಿದ. ಗಾಜಿನ ಮೇಲೆ ಒಂದು ಫೋಟೋ ಅಂಟಿಸಿತ್ತು. ಅದರಲ್ಲಿ ಸುಮನಾಳ ಪಕ್ಕದ ಕುರ್ಚಿಯಲ್ಲಿ ಇಮಾಮ್ ಸಾಬರು ಪ್ಯಾಂಟು ಮಡಚಿಕೊಂಡು ಕೂತಿದ್ದರು. ಧನುಶ್ರೀ ಅವರ ಕಾಲು ತೊಳೆಯುತ್ತಿದ್ದಳು. ಸಾಬರು ಕಚಗುಳಿ ತಾಳಲಾರದೆ ಬಾಯ್ತುಂಬ ನಗುತ್ತಿದ್ದರು.

"ಇದೇನ್ ಸಾಬ್ರೇ?"

"ಹೋದ್ವರ್ಸದ್ದು ಸಾರ್. ಕುರ್ಚಿ ಖಾಲಿ ಐತೆ ಬಾ ತಾತಾ ಅಂತ ಎಳ್ಕೊಂಡೋಯ್ತು ಮಗು. ನಾನು ಬ್ಯಾಡ ಅಂದೆ, ಕೇಳ್ಬೇಕಲ್ಲ. ಅದ್ರ ಹಿಂದಿನ ವರ್ಸಾನೂ ನಾನೇಯಾ."

ನಟರಾಜುವಿಗೆ ಹೊಟ್ಟೆಕಿಚ್ಚಾಯಿತು. ಅದನ್ನು ಶಾಂತ ಮಾಡಲು ಉಸಿರು ಎಣಿಸಿದ. ಮುನ್ನೂರರವರೆಗೆ ಎಣಿಸಿದರೂ ಸಾಬರು ಫೋಟೋದಲ್ಲಿ ನಗುತ್ತಲೇ ಇದ್ದರು.

ಶನಿವಾರ ಬೆಳಿಗ್ಗೆ ಹುಳುಗಳು ಹಣ್ಣಾಗಿ ಹೊಳೆಯುತ್ತಿದ್ದವು. ನಟರಾಜು ತಟ್ಟೆಯಿಂದ ತಟ್ಟೆಗೆ ಓಡಾಡಿದ, ಗಡಿಯಾರ ನೋಡಿದ, ಕೊನೆಗೆ ಮೂವತ್ತು ವರ್ಷದಿಂದ ಹುಳ ಸಾಕುತ್ತಿರುವ ಕೆಲಸದಾಳು ಹನುಮಂತಯ್ಯನ ಮುಂದೆ ಬಂದು ನಿಂತ.

"ನಾನು ಹೋದ್ರೆ ಎರಡು ದಿನ ಒಳಗೆ ಬರೋ ಹಂಗಿಲ್ಲ. ನಾನಿಲ್ದೆ ಹೆಂಗೆ ಹನುಮಂತಯ್ಯ?"

"ಹೋಗ್ಬನ್ನಿ ಸಾ," ಎಂದ ಹನುಮಂತಯ್ಯ, ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಲೇ.

ಶಾಲೆ ಮುಟ್ಟುವ ಹೊತ್ತಿಗೆ ಮಂತ್ರ ಶುರುವಾಗಿತ್ತು. ಒಂಬತ್ತು ವರ್ಷದ ತಪಸ್ಸನ್ನು ಬಿಟ್ಟು ಬಂದೆನೆಂಬ ಗಾಂಭೀರ್ಯದಲ್ಲಿ ನಟರಾಜು ಹೊಗೆ ಸೀಳಿಕೊಂಡು ನಡೆದ. ಹೋಗಿ ನೋಡಿದರೆ ಎರಡನೇ ಕುರ್ಚಿಯಲ್ಲಿ ಇಮಾಮ್ ಸಾಬರು ಹೊಸ ಅಂಗಿ ತೊಟ್ಟು ಕೂತಿದ್ದಾರೆ. ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಟರಾಜು ಬರುತ್ತೇನೆಂದೂ ಯಾರಿಗೂ ಹೇಳಿರಲಿಲ್ಲ.

ಸಾಬರು ಗಾಬರಿಯಿಂದ ಎದ್ದರು. "ಬನ್ನಿ ಸಾರ್, ನಿಮ್ದೇ ಜಾಗ."

"ಕಾಲು ಒದ್ದೆ ಐತೆ, ಕೂತ್ಕೊ ತಾತಾ," ಎಂದು ಧನುಶ್ರೀ ಅವರ ಹೆಬ್ಬೆರಳು ಹಿಡಿದು ಕೂರಿಸಿದಳು. ಅಪ್ಪನ ಕಡೆ ತಿರುಗಿ, "ನೀನು ಒಸಿ ನಿಂತ್ಕೊ. ಆಮೇಲೆ ನಿಂದು," ಎಂದಳು.

ನಟರಾಜು ನಿಂತ. ಸುಮನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೊನೆಗೆ ಅವನ ಸರದಿ ಬಂತು. ಕುರ್ಚಿಯಿಲ್ಲದೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ತಟ್ಟೆಗಿಟ್ಟ. ಒಳಗೆ ರೋಗ ಹೋಗದಿರಲೆಂದು ಹುಳುಮನೆ ಬಾಗಿಲಲ್ಲಿ ತುಳಿಯುವ ಸುಣ್ಣದ ಪುಡಿ ಇನ್ನೂ ಪಾದದಲ್ಲಿತ್ತು. ನೀರು ಹಾಲಿನಂತೆ ಬೆಳ್ಳಗಾಯಿತು.

"ಯಾವತ್ತು ತೊಳ್ದಿದ್ದಪ್ಪಾ ಇದ್ನ?" ಎಂದು ಮಗಳು ಉಜ್ಜತೊಡಗಿದಳು. ಪುಟ್ಟ ಕೈ, ಒರಟು ಉಜ್ಜಾಟ. ಯಾವ ಕ್ಲಾಸು, ಮೂರೋ ನಾಲ್ಕೋ ಎಂದು ಕೇಳೋಣವೆಂದು ನಟರಾಜುವಿಗೆ ಅನಿಸಿತು, ನಾಚಿಕೆಯಾಯಿತು.

ಪೂಜೆ ಮುಗಿದದ್ದೇ ಇಮಾಮ್ ಸಾಬರು ಅವನನ್ನು ಬಾಚಿ ತಬ್ಬಿಕೊಂಡರು. ಅವರು ಹಬ್ಬಕ್ಕೆ ಹಚ್ಚುವ ಅತ್ತರನ್ನು ಇವತ್ತು ಧಾರಾಳವಾಗಿ ಹಚ್ಚಿದ್ದರು. ಬೋರ್ಡಿನ ಎರಡು ದಿನ ಆ ಅತ್ತರಿಗೆ ಎಲ್ಲಿ ಸಾಲುತ್ತದೆ, ನಟರಾಜು ಇನ್ನು ವಾರ ಹುಳುಮನೆಯ ಹತ್ತಿರ ಸುಳಿಯುವಂತಿರಲಿಲ್ಲ. ಅಷ್ಟರಲ್ಲಿ ಹನುಮಂತಯ್ಯನ ಫೋನು ಬಂತು.

"ಎಲ್ಲಾ ಚಂದ್ರಿಕೆ ಹತ್ತವೆ ಸಾ. ಚೆಂದಾಗಿ ನೂಲು ಬುಡ್ತಾವೆ."

"ಒಬ್ನೇ ಹೆಂಗೆ ಮಾಡಿದೆ?"

"ಯಾವತ್ತೂ ಹಿಂಗೇ ಅಲ್ವಾ? ಹೋದ್ಸಲ ಹಣ್ಣಾದಾಗ ನೀವು ಮೈಸೂರಲ್ಲಿ ಸೆಮಿನಾರಲ್ಲಿದ್ರಿ. ಅದ್ರ ಹಿಂದಿನ ಸಲಾನೂ ನಾನೇಯಾ."

ನಟರಾಜು ಫೋನು ಕೆಳಗಿಳಿಸಿದ. ಸಾವನದುರ್ಗದ ಪ್ರಶ್ನೆಗೆ ಒಂದು ಉತ್ತರ ಫೋನಿನಲ್ಲಿತ್ತು, ಇನ್ನೊಂದು ಎದುರಿಗೆ ಎರಡನೇ ಕುರ್ಚಿಯಲ್ಲಿ ಮತ್ತೆ ಕೂತು ಕಾಲೊರೆಸಿಕೊಳ್ಳುತ್ತಿತ್ತು. ವಿಜ್ಞಾನ ಮೇಲೋ ಮಗಳು ಮೇಲೋ ಎಂದು ಇವನು ಮೂರು ದಿನ ತೂಗಿದ್ದೇ ತೂಗಿದ್ದು. ತಕ್ಕಡಿಯ ಎರಡು ಕಡೆಯನ್ನೂ ಬೇರೆಯವರು ಹೊತ್ತುಕೊಂಡಿದ್ದರು. ಗುರುಗಳು ಅಷ್ಟು ನಿಧಾನವಾಗಿ ಟೀ ಕುಡಿದದ್ದು ಏಕೆಂದು ಈಗ ಹೊಳೆಯಿತು.

"ಮುಂದಿನ ವರ್ಸ ಬತ್ತೀಯಾ?" ಎಂದಳು ಧನುಶ್ರೀ ಆಟೋದಲ್ಲಿ.

ಹುಳ ನೋಡಿ ಹೇಳುತ್ತೇನೆ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಬತ್ತೀನಿ. ಎಲ್ಲಾರ್ಗಿಂತ ಮುಂಚೆ ಬಂದು ಕುರ್ಚಿ ಹಿಡೀತೀನಿ."

"ಕುರ್ಚಿ ತಾತಂದು," ಎಂದಳು ಮಗಳು. "ನೀನು ಮನೆಯಿಂದ ಒಂದು ಸ್ಟೂಲ್ ತಗೊಂಬಾ."