ನಾಯಿಯ ಹೊಟ್ಟೆ ಸೀಳಿದ ದಾರಿ

ಹೊಲದಂಚಿನ ಕಾವಲು ಅಟ್ಟಣಿಗೆ ಏರಿ ನೋಡಿದ ವೈಶಾಲಿಗೆ ಮೈಯೆಲ್ಲ ಉರಿದುಹೋಯಿತು. ಎರಡೆಕರೆ ಗೋವಿನಜೋಳದ ನಡುವೆ ಸುತ್ತುದಾರಿಗಳಿಂದಲೇ ಅವಳು ಬಿಡಿಸಿದ್ದ ಮುಧೋಳ ನಾಯಿಯ ಹೊಟ್ಟೆ ಸೀಳಿತ್ತು. ಹೊಲದ ಬಾಗಿಲಿನಿಂದ ನಡುವಿನ ಬೇವಿನ ಮರದವರೆಗೆ, ಬೈತಲೆ ತೆಗೆದ ಹಾಗೆ, ನೆಟ್ಟನೆಯ ಹಾದಿ. ನಿನ್ನೆ ಸಂಜೆ ಅದು ಇರಲಿಲ್ಲ.

ಪೈರು ಮೊಣಕಾಲೆತ್ತರ ಇದ್ದಾಗ ಹಗ್ಗ ಹಿಡಿದು, ಸುಣ್ಣದ ಗೆರೆ ಹಾಕಿ, ಎಂಟು ದಿನ ಸೊಂಟ ಬಗ್ಗಿಸಿ ಸಸಿ ಕಿತ್ತವಳು ಅವಳು. ಬೆಳೆದ ಪೈರು ಕೀಳುವ ಸೊಸೆಯನ್ನು ಸಾವಳಗಿಯಲ್ಲಿ ಯಾರು ಕಂಡಿದ್ದರು? ಊರಿನ ಬಾಯಿಗೆ ಒಂದು ತಿಂಗಳ ಮೇವು ಸಿಕ್ಕಿತು. ಮಾವ ಗಿರಮಲ್ಲಪ್ಪ ಖಡಾಖಂಡಿತ ಹೇಳಿದ್ದ: "ಇದೊಂದ್ ಸಲ ಮಾಡು. ಛಲೋ ಆತಂದ್ರ ಮುಂದಿನ ವರ್ಸಾನೂ ಈ ಹೊಲ ನಿಂದ. ಇಲ್ಲಂದ್ರ ಕಬ್ಬ ಹಚ್ಚೂದು, ಮತ್ತ ಮಾತಿಲ್ಲ. ನಲ್ವತ್ತ ವರ್ಸ ಊಳಿದ ಹೊಲದಾಗ ದಾರಿ ತಪ್ಪತೈತಂತ, ಯಾರಿಗೆ ಹೇಳ್ತೀ!"

ಇವತ್ತು ಮೊದಲ ಭಾನುವಾರ. ಸುತ್ತುದಾರಿಗಳಲ್ಲಿ ದಾರಿ ಹುಡುಕುವ ಆಟಕ್ಕೆ ಬನಹಟ್ಟಿಯಿಂದ, ಮುಧೋಳದಿಂದ ಜನ ಬರುವವರಿದ್ದರು.

ಬೇವಿನ ಮರದ ಕೆಳಗೆ ಅತ್ತೆ ಸಾತವ್ವ ಮಜ್ಜಿಗೆಯ ಕೊಡ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲೇ ಕುಡಗೋಲು. ಅದನ್ನು ಮುಚ್ಚಿಡಬೇಕೆಂಬ ಯೋಚನೆಯೂ ಆಕೆಗೆ ಬಂದಿರಲಿಲ್ಲ.

"ಇದೇನ್ ಮಾಡೀರಿ ಅತ್ತಿ?"

"ದಾರಿ ಮಾಡೇನಿ. ಕೊಡ ಹೊತ್ಕೊಂಡು ನಿನ್ನ ಸುತ್ತಿನ್ಯಾಗ ಹೆಂಗ ಬರ್ಲಿ?"

"ದಾರಿ ತಪ್ಪಲಿ ಅಂತನ ಮಾಡಿದ್ನಲ್ರಿ!"

"ಮನಿಗೆ ಬಂದ ಮಂದೀನ್ನ ಬಿಸಲಾಗ ತಿರುಗಿಸಿ ದಾರಿ ತಪ್ಸೂದು ಯಾ ಊರ ಪದ್ಧತಿ ಯವ್ವಾ? ಮ್ಯಾಲ ಚಕ್ರವ್ಯೂಹ ಅಂತ ಬೋರ್ಡ್ ಬ್ಯಾರೆ ಬರಸೀದಿ. ಒಳಗ ಹೊಕ್ಕ ಅಭಿಮನ್ಯು ಹೊಳ್ಳಿ ಬಂದ್ನೇನು?"

ವೈಶಾಲಿ ಹಲ್ಲು ಕಚ್ಚಿಕೊಂಡು, ಕೊಯ್ದು ಬಿದ್ದಿದ್ದ ದಂಟುಗಳನ್ನು ಆಯ್ದು ಒಂದೊಂದಾಗಿ ಮಣ್ಣಿಗೆ ನೆಟ್ಟಳು. ಹತ್ತು ಗಂಟೆಯ ಬಿಸಿಲಿಗೆ ಅವೆಲ್ಲ ಕತ್ತು ಚೆಲ್ಲಿದವು. ಕೊನೆಗೆ ಅಡ್ಡ ಹಗ್ಗ ಕಟ್ಟಿದಳು. ಅದನ್ನು ಸಾತವ್ವನೇ ಬಂದು ಬಿಚ್ಚಿದಳು, ಯಾರಾದರೂ ಎಡವಿ ಬಿದ್ದಾರೆಂದು.

ಬನಹಟ್ಟಿಯ ನೇಕಾರರ ಕುಟುಂಬವೊಂದು ಜೀಪಿನಲ್ಲಿ ಬಂದಿಳಿಯಿತು. "ಬರ್ರಿ, ಬರ್ರಿ, ಹಿಂಗ ನೆಟ್ಟಗ ಬರ್ರಿ!" ಎಂದು ಸಾತವ್ವ ಮರದ ಬುಡದಿಂದಲೇ ಕೂಗಿದಳು. ಅವರು ನೆಟ್ಟಗೇ ಹೋದರು. ಸುಟ್ಟ ತೆನೆ ತಿಂದರು, ಮಜ್ಜಿಗೆ ಕುಡಿದರು, ಫೋಟೋ ತೆಗೆಸಿಕೊಂಡರು, ನೆಟ್ಟಗೇ ಹೊರಗೆ ಬಂದರು. ಕುಟುಂಬದ ಹಿರಿಯ ನಾಮದೇವ ಮೀಸೆ ಒರೆಸಿಕೊಳ್ಳುತ್ತ, "ಮಜ್ಜಿಗಿ ಏಕದಂ ಛಲೋ ಐತ್ರಿ. ಅಲ್ಲಾ, ಆ ಚಕ್ರವ್ಯೂಹ ಯಾ ಕಡಿ ಬರತೈತ್ರಿ?" ಎಂದ.

ವೈಶಾಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಧೋಳದವರೂ ಹಾಗೇ ಬಂದು ಹಾಗೇ ಹೋದರು. ಬರುವ ವರ್ಷ ಇಲ್ಲಿ ಕಬ್ಬು. ಮತ್ತೆ ಮಾತಿಲ್ಲ.

ಮಧ್ಯಾಹ್ನ ಸಾತವ್ವ ರೊಟ್ಟಿಯ ಗಂಟು ಬಿಚ್ಚುತ್ತ, "ನಿಮ್ಮ ಮಾವಾರ ಎಲ್ಲಿ? ಮುಂಜಾನಿಂದ ಕಾಣವಲ್ರು. ಮ್ಯಾಲ ಹತ್ತಿ ನೋಡು" ಎಂದಳು.

ವೈಶಾಲಿ ಬೇಸರದಿಂದಲೇ ಅಟ್ಟಣಿಗೆ ಏರಿದಳು. ನಾಯಿಯ ಹಿಂಗಾಲಿನ ಹತ್ತಿರ ಬಿಳಿಯ ರುಮಾಲೊಂದು ಸರಿದಾಡುತ್ತಿತ್ತು. ಗಿರಮಲ್ಲಪ್ಪ! ಮುಂದೆ ದಾರಿ ಮುಚ್ಚಿತ್ತು; ನಿಂತ, ತಲೆ ತುರಿಸಿಕೊಂಡ, ಹಿಂದಕ್ಕೆ ತಿರುಗಿದ. ಇನ್ನೊಂದು ತಿರುವು, ಅದೂ ಮುಚ್ಚಿತ್ತು. ಯಾರನ್ನೂ ಕೂಗಲಿಲ್ಲ. ಅವಳು ಮುಂದಕ್ಕೆ ಬಾಗಿ ನೋಡಿದಳು. ಮೂರನೆಯ ತಿರುವು ಅವನನ್ನು ಸಾತವ್ವನ ಹಾದಿಗೆ ತಂದು ಬಿಟ್ಟಿತು.

ಆಯಿತು, ಮುಗಿಯಿತು ಎಂದುಕೊಂಡಳು. ಎಡಕ್ಕೆ ಮಜ್ಜಿಗೆ, ರೊಟ್ಟಿ, ಬಲಕ್ಕೆ ಬಾಗಿಲು. ಗಿರಮಲ್ಲಪ್ಪ ಎರಡೂ ಕಡೆ ನೋಡಿದ. ರುಮಾಲು ಸರಿಮಾಡಿಕೊಂಡ. ಧೋತರ ಎತ್ತಿ ಕಟ್ಟಿ, ನೆಟ್ಟನೆಯ ಹಾದಿಯನ್ನು ಅಡ್ಡ ದಾಟಿ, ಎದುರಿನ ಸುತ್ತಿನೊಳಗೆ ಹೊಕ್ಕ.

"ಕಂಡ್ರೇನು?" ಸಾತವ್ವ ಕೆಳಗಿನಿಂದ ಕೂಗಿದಳು. "ರೊಟ್ಟಿ ಆರಾಕತ್ತಾವು!"

ನಾಯಿಯ ಕೊರಳಿನ ಹತ್ತಿರ ಗರಿಗಳು ಅಲುಗಿದವು.

"ಇಲ್ರಿ ಅತ್ತಿ," ವೈಶಾಲಿ ಅಟ್ಟಣಿಗೆಯ ಮೇಲೇ ಕೂತುಕೊಂಡಳು. "ಎಲ್ಲೂ ಕಾಣವಲ್ರು."