ಬಣ್ಣ ಏರದ ಹೂವು

“ಒಂದು ಹೂವಿಗೆ ನೀರು ಕುಡಿಸೋಕೆ ಬರಲ್ಲ, ಅಳಿಯಂದಿರು ಮಗು ಸಾಕ್ತಾರಂತೆ!”

ಮಾವ ಹೀಗೆಂದದ್ದು ನನ್ನ ಮಗಳು ಕರೆತಂದಿದ್ದ ಬೀದಿಯ ಮಕ್ಕಳೆಲ್ಲರ ಎದುರಿಗೆ. ಮಕ್ಕಳು ಕಿಸಕ್ಕನೆ ನಕ್ಕವು. ಮಗಳು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮಗಳು ಬೆಳೆಯುತ್ತಿರುವುದು ಅಜ್ಜ ಅಜ್ಜಿಯ ಈ ಮನೆಯಲ್ಲೇ. ಇನ್ನು ನಾನೇ ಕರೆದುಕೊಂಡು ಹೋಗುತ್ತೇನೆಂದು ಬೆಳಿಗ್ಗೆ ಬಂದು ಕೇಳಿದ್ದೆ. “ಸಂಜೆ ನೋಡೋಣ” ಎಂದಿದ್ದರು ಮಾವ. ಗಿಡ ನೀರು ಕುಡಿಯುವ ಬಗೆಯನ್ನು ಮನೆಯಲ್ಲೇ ಮಾಡಿ ನೋಡಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. “ಅಪ್ಪ ಮಾಡಿಸ್ತಾನೆ, ಅವನ ಹತ್ರ ಎಲ್ಲಾ ಬಣ್ಣಾನೂ ಇದೆ” ಎಂದು ಅವಳು ಬೀದಿಗೆಲ್ಲ ಡಂಗುರ ಸಾರಿದ್ದಳು.

ನಾನು ಗೋಡೆಗೆ ಬಣ್ಣ ಬಳಿಯುವವನು. ಗಾಜಿನ ಲೋಟದ ನೀರಿಗೆ ಪೇಂಟಿಗೆ ಬೆರೆಸುವ ನೀಲಿ ಸ್ಟೇನರ್ ಹಿಂಡಿ, ಬಿಳಿ ಹೂವಿನ ದಂಟು ಇಳಿಬಿಟ್ಟೆ. ಅವಳ ಪುಸ್ತಕದಲ್ಲಿ ಓದಿಕೊಂಡದ್ದನ್ನೇ ಒಪ್ಪಿಸಿದೆ: “ದಂಟಿನೊಳಗೆ ಸಣ್ಣ ಸಣ್ಣ ಕೊಳವೆ ಇರ್ತಾವೆ. ಮೇಲೆ ನೀರು ಆವಿಯಾಗಿ ಹೋದಷ್ಟೂ ಕೆಳಗಿಂದ ಎಳ್ಕೊಳ್ಳುತ್ತೆ. ಸಂಜೆಗೆ ಎಸಳೆಲ್ಲ ನೀಲಿ, ನೋಡ್ತಿರಿ!” ಮಗಳು ನನ್ನ ತೋಳಿಗೆ ಅಂಟಿಕೊಂಡೇ ಕೂತಿದ್ದಳು.

ಸಂಜೆಗೆ ಹೂವು ಬೆಳ್ಳಗೇ ಇತ್ತು, ಕತ್ತು ಮಾತ್ರ ಜೋತುಬಿದ್ದಿತ್ತು. ದಂಟು ಎತ್ತಿದರೆ ಕೊಯ್ದ ತುದಿಗೆ ನೀಲಿ ಮೆತ್ತಿಕೊಂಡಿತ್ತು. ಗೋಡೆಯ ಬಣ್ಣ ನೀರಲ್ಲಿ ಕರಗುವುದಿಲ್ಲ, ಪುಡಿಯಾಗಿ ತೇಲಿ ತಳ ಹಿಡಿಯುತ್ತದೆ. ದಿನಾ ಕೋಲು ಹಾಕಿ ಕಲಕುವವನಿಗೇ ಅದು ಹೊಳೆಯಲಿಲ್ಲ. ಕೊಳವೆಗಳ ಬಾಯಿಗೆ ಮಣ್ಣು ತುಂಬಿದ್ದೆ.

“ಅಡುಗೆಗೆ ಹಾಕೋ ಬಣ್ಣ ಒಂದು ಚಿಟಿಕೆ ಸಾಕಿತ್ತು” ಎಂದರು ಮಾವ. ಜೀವಮಾನವಿಡೀ ವಿಜ್ಞಾನ ಪಾಠ ಮಾಡಿದವರು. “ಬೆಳಿಗ್ಗೆ ಲೋಟ ನೋಡಿದಾಗ್ಲೇ ಅಂದ್ಕೊಂಡೆ.”

“ಹಾಗಾದ್ರೆ ಆಗ್ಲೇ ಬಾಯಿ ಬಿಡ್ಬೋದಿತ್ತಲ್ಲ ಮಾವ?”

“ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಮಹಾನುಭಾವರಿಗೆ ನಾನೇನು ಹೇಳ್ಕೊಡ್ಲಪ್ಪ?”

ಲೋಟವನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು.

“ಸಾಕು ಸುಮ್ನಿರ್ರೀ, ಮಕ್ಕಳಿದಾರೆ” ಎಂದರು ಅತ್ತೆ.

ಮಾವ ಮಗಳ ಕಡೆ ತಿರುಗಿದರು. “ನೀನೇ ಹೇಳು ಪುಟ್ಟಿ. ಅಪ್ಪನ ಜೊತೆ ಹೋಗ್ತೀಯೋ, ಇಲ್ಲೇ ಇರ್ತೀಯೋ?”

ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದವು. ಅವಳು ಫ್ರಾಕಿನ ಅಂಚು ತಿರುಚಿದಳು.

“ಇಲ್ಲೇ.”

ಚಪ್ಪಲಿ ಮೆಟ್ಟಿಕೊಂಡೆ. ಅವಳು ಬಾಗಿಲವರೆಗೂ ಓಡಿಬಂದಳು.

“ಅಪ್ಪಾ, ನನ್ ಮೇಲೆ ಕೋಪಾನಾ?”

ಬಾಯಿ ತೆರೆದರೆ ಏನು ಹೊರಗೆ ಬೀಳುತ್ತಿತ್ತೋ. ತಿರುಗಿ ನೋಡದೆ ಬೀದಿಗಿಳಿದು ನಡೆದೆ.